ದೊಡ್ಡಪತ್ರೆ ಇರುವ ಮನೆಯಲ್ಲಿ ಕೆಮ್ಮಬಾರದು

ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೆಮ್ಮುವುದಿಲ್ಲ. ಕೆಮ್ಮು ಬಂದರೆ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಕೆಮ್ಮಿ ಬರುತ್ತೇವೆ. ಅತ್ತೆಯ ಕಿವಿಗೆ ಬಿತ್ತೋ, ಮುಗೀತು ಕಥೆ. ಹಿತ್ತಲಿನಿಂದ ಒಂದಿಷ್ಟು ದೊಡ್ಡಪತ್ರೆ ಎಲೆ ಕಿತ್ತು ತಂದು, ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಬಾಡಿಸುತ್ತಾರೆ. ದಪ್ಪ ಎಲೆ ಚುರ್ ಅನ್ನುತ್ತಾ ಮೆತ್ತಗಾಗಿ ಮುದುಡಿಕೊಳ್ಳುತ್ತದೆ. ಅಂಗೈಯಲ್ಲಿಟ್ಟು ಹಿಂಡಿದರೆ ಹಸಿರು ರಸ. ಅದಕ್ಕೊಂದು ಚಮಚ ಜೇನುತುಪ್ಪ. "ಕಣ್ಣು ಮುಚ್ಚಿ ನುಂಗಿಬಿಡು." ಕಣ್ಣೇನೋ ಮುಚ್ಚಬಹುದು, ಮೂಗಿಗೇನು ಮಾಡೋದು? ಓಮಕ್ಕೆ ಘಾಟು ಕೊಡುವ ಥೈಮಾಲ್ ಈ ಎಲೆಯಲ್ಲೂ ಇದೆ. ಗಂಟಲಿಗೆ ಇಳಿಯುವ ಮೊದಲೇ ಕಿವಿಯವರೆಗೂ ಹೋಗಿ ವಿಚಾರಿಸಿಕೊಂಡು ಬರುತ್ತದೆ.

ಇನ್ನೊಂದು ಎಲೆ ಬಾಡಿಸಿದರೆ ಅದು ನೆತ್ತಿಗೆ. ಶೀತ ಎಳೆದುಕೊಳ್ಳುತ್ತದಂತೆ. ಕೂಸುಗಳಿಗೆ ಮಾಡುವ ಉಪಚಾರ ಇದು. ಆದರೆ ಅತ್ತೆಯ ಲೆಕ್ಕದಲ್ಲಿ ನಲವತ್ತು ದಾಟಿದ ಅವರ ಮಗ ಇನ್ನೂ ಕೂಸೇ. ಕಳೆದ ಮಳೆಗಾಲದಲ್ಲಿ ನಮ್ಮ ಯಜಮಾನರು ಎಲೆ ಸಮೇತ ಆಫೀಸಿನ ವಿಡಿಯೊ ಮೀಟಿಂಗಿಗೆ ಕೂತುಬಿಟ್ಟರು. ಕೂದಲು ಮೊದಲೇ ಕಮ್ಮಿ. ಎಲೆ ಚೆನ್ನಾಗಿ ಅಂಟಿಕೊಂಡಿತ್ತು. ಸುಮಾರು ಹೊತ್ತು ಯಾರೂ ಸೊಲ್ಲೆತ್ತಲಿಲ್ಲ. ಕೊನೆಗೆ ಉಡುಪಿ ಕಡೆಯ ಮ್ಯಾನೇಜರ್ ತಡೆಯಲಾರದೆ, "ಅದು ಸಾಂಬ್ರಾಣಿ ಎಲೆ ಅಲ್ವಾ ಮಾರಾಯ್ರೇ?" ಅಂದರು. ಅಲ್ಲಿಗೆ ಮೀಟಿಂಗ್ ಎಕ್ಕುಟ್ಟಿ ಹೋಯಿತು. ಕೇರಳದ ಹುಡುಗಿ, ಈ ಎಲೆ ಕುದಿಸಿದ ನೀರಲ್ಲಿ ಅವರಜ್ಜಿ ಮಗುವಿಗೆ ಸ್ನಾನ ಮಾಡಿಸುತ್ತಿದ್ದುದನ್ನು ವರ್ಣಿಸಿದಳು. ಚೆನ್ನೈಯವರು ರಸಂ ಹೇಳಿಕೊಟ್ಟರು. ಹೈದರಾಬಾದಿನವರು ಬಜ್ಜಿ ಬಿಟ್ಟು ಬೇರೆ ಮಾತಾಡಲಿಲ್ಲ. ಆ ತಿಂಗಳ ಟಾರ್ಗೆಟ್ ಏನಾಯಿತೋ, ಕೇಳುವವರೇ ಇರಲಿಲ್ಲ.

ಅದಾದ ಮೇಲೆ ಯಜಮಾನರಿಗೆ ಗಿಡದ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಹುಟ್ಟಿತು. ಬೆಳಿಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ನೀರು. ಪ್ರೀತಿಯೋ ಸೇಡೋ, ನನಗೆ ಈಗಲೂ ಅನುಮಾನ. ದೊಡ್ಡಪತ್ರೆಗೆ ನೀರು ಜಾಸ್ತಿಯಾದರೆ ಆಗುವುದಿಲ್ಲ. ಎಲೆ, ದಂಟಿನಲ್ಲೇ ಅದು ಬೇಕಾದಷ್ಟು ನೀರು ಕೂಡಿಟ್ಟುಕೊಂಡಿರುತ್ತದೆ. ಬುಡ ಕಪ್ಪಾಗಿ ಕೊಳೆಯಿತು. "ಅಯ್ಯೋ ಪಾಪ" ಅಂದರು ಯಜಮಾನರು, ಮುಖದಲ್ಲಿ ಪಾಪ ಕಾಣಲಿಲ್ಲ. ಅತ್ತೆ ಒಂದು ಮಾತೂ ಆಡದೆ, ಚೆನ್ನಾಗಿದ್ದ ತುದಿಗಳನ್ನೆಲ್ಲ ಗೇಣುದ್ದ ಮುರಿದು, ಕೆಳಗಿನ ಎಲೆ ಕಿತ್ತು, ಮನೆಯಲ್ಲಿದ್ದ ತೂತು ಬಕೆಟ್ಟು, ಪೇಂಟ್ ಡಬ್ಬಿಗಳಿಗೆಲ್ಲ ಚುಚ್ಚಿದರು. ಈ ಗಿಡಕ್ಕೆ ಬೀಜ ಬೇಡ, ಗೊಬ್ಬರ ಬೇಡ, ಮುರಿದು ನೆಟ್ಟರೆ ಸಾಕು. ಎಲ್ಲವೂ ಬೇರು ಬಿಟ್ಟವು. ಒಂದು ಗಿಡ ಹೋಗಿ ತೋಪಾಯಿತು.

ಈಗ ಎಲೆ ಖರ್ಚಾಗಬೇಕಲ್ಲ! ತಂಬುಳಿಗೆ ನನ್ನ ತಕರಾರಿಲ್ಲ. ಎಲೆಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿ ಸಾಸಿವೆ ಒಗ್ಗರಣೆ ಕೊಟ್ಟರೆ, ಬಿಸಿ ಅನ್ನಕ್ಕೆ ಅದೇ ಸ್ವರ್ಗ. ಆದರೆ ಸ್ವರ್ಗವನ್ನೂ ದಿನಾ ಬಡಿಸಬಾರದು ನೋಡಿ. ಬೇಜಾರಾಗಿ ಮಗಳು ಬಜ್ಜಿಗೆ ಇಳಿದಳು. ತೊಳೆದ ಎಲೆಯನ್ನು ಒರೆಸದೆ ಹಿಟ್ಟಿಗದ್ದಿ ಎಣ್ಣೆಗೆ ಬಿಟ್ಟಳು. ಎಲೆಯ ಮೇಲೆಲ್ಲ ಸಣ್ಣ ರೋಮ, ಅದರ ತುಂಬ ನೀರು. ಎಣ್ಣೆ ಸಿಡಿದ ರಭಸಕ್ಕೆ ಅವಳು ಊಟದ ಮೇಜಿನ ಹಿಂದೆ, ಬೆಕ್ಕು ಕಪಾಟಿನ ಮೇಲೆ. ಆದರೂ ಬಜ್ಜಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಸುಮ್ನೆ ಯಾರಿಗಾದರೂ ಕೊಡೋಣ ಅಂದರೆ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಇದೆ. ಇಲ್ಲದಿದ್ದವರು ಎದುರುಮನೆಯವರು ಮಾತ್ರ. ಮೊನ್ನೆ ಅವರೂ ನರ್ಸರಿಯಿಂದ ಅಜ್ವಾನ್ ಗಿಡ ಅಂತ ತಂದಿದ್ದಾರೆ. ನೋಡಿದರೆ ಇದೇ! ಓಮದ ಗಿಡ ಕೊತ್ತಂಬರಿಯ ಬಳಗ, ಎಲೆ ಎಳೆಎಳೆಯಾಗಿರುತ್ತದೆ. ಇದು ತುಳಸಿಯ ಬಳಗ. ಆಕೆ ಮಾತ್ರ ದಿನಾ ಬಗ್ಗಿ ನೋಡಿ, "ಓಮ ಯಾವಾಗ ಬಿಡುತ್ತೆ ಅಮ್ಮಾ?" ಅಂತ ಅತ್ತೆಯನ್ನು ಕೇಳುತ್ತಾರೆ.

"ದೀಪಾವಳಿ ಕಳೀಲಿ. ನೀರು ಮಾತ್ರ ಕಮ್ಮಿ ಹಾಕಿ," ಅಂದರು ಅತ್ತೆ.

ಒಳಗೆ ಬಂದ ಮೇಲೆ ಕೇಳಿದೆ, ನಿಜ ಹೇಳಬಾರದಿತ್ತಾ ಅಂತ.

"ಹೇಳಿದರೆ ಕಿತ್ತು ಬಿಸಾಕ್ತಾಳೆ. ಆಮೇಲೆ ಕೆಮ್ಮು ಬಂದಾಗ ನಮ್ಮನೆ ಎಲೆಗೆ ಬರ್ತಾಳೆ."