ಬಂಗಾರವಲ್ಲ, ಭಂಗಾರ

ಹೋದ ರವಿವಾರದಿಂದ ನಮ್ಮ ಮನೆಯ ಟೈಪ್‌ರೈಟರಿನಲ್ಲಿ ಇಂಗ್ಲಿಷಿನ ‘ಇ’ ಅಕ್ಷರವು ಉಳಿದ ಇಪ್ಪತ್ತೈದು ಅಕ್ಷರಗಳ ಸಾಲಿನಲ್ಲಿ ನಿಲ್ಲಲು ಒಪ್ಪುತ್ತಿಲ್ಲ. ಅದು ಸಾಲಿನಿಂದ ತುಸು ಮೇಲಕ್ಕೆದ್ದು, ಬಲಕ್ಕೆ ವಾಲಿ, ತುಂಬಿದ ಬಸ್ಸಿನ ಬಾಗಿಲಲ್ಲಿ ಒಂಟಿಗಾಲಿನ ಮೇಲೆ ನಿಂತ ಪ್ರಯಾಣಿಕನಂತೆ ಮೂಡುತ್ತದೆ. ‘ಕ್ಯೂ’ ಅಥವಾ ‘ಝಡ್’ ಹೀಗೆ ಕೆಟ್ಟಿದ್ದರೆ ನಾನು ದೊಡ್ಡ ಮನಸ್ಸು ಮಾಡಿ ಸುಮ್ಮನಿರುತ್ತಿದ್ದೆ. ಅವು ವರ್ಷಕ್ಕೊಮ್ಮೆ ಜಾತ್ರೆಗೆ ಬಂದು ಹೋಗುವ ನೆಂಟರಿದ್ದಂತೆ. ಆದರೆ ‘ಇ’ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಅಕ್ಷರ. ಅದಿಲ್ಲದೆ ಬೆಳಗಾವಿಯೂ ಇಲ್ಲ, ಬಾಗಲಕೋಟೆಯೂ ಇಲ್ಲ.

ಬಾಗಲಕೋಟೆಯ ಹೆಸರನ್ನು ಸುಮ್ಮನೆ ತೆಗೆಯಲಿಲ್ಲ. ಈ ಅಕ್ಷರದ ಸೊಂಟ ಮುರಿದವರು ಅಲ್ಲಿಯ ನಮ್ಮ ಷಡ್ಡಕರು. ಷಡ್ಡಕರನ್ನು ಪಡೆದವರಿಗೆ ನನ್ನ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಂಡತಿಯ ತಮ್ಮನಾಗಿದ್ದರೆ ಗದರಬಹುದಿತ್ತು, ಅಣ್ಣನಾಗಿದ್ದರೆ ಮಾವನವರ ಕಿವಿಗೆ ಹಾಕಬಹುದಿತ್ತು. ಹೆಂಡತಿಯ ಅಕ್ಕನ ಗಂಡನನ್ನು ಏನೂ ಅನ್ನುವಂತಿಲ್ಲ. ಒಂದೇ ಮನೆಯ ಅಳಿಯಂದಿರಾಗಿ ಅಕ್ಕಪಕ್ಕದ ಮಣೆಗಳ ಮೇಲೆ ಕುಳಿತು ಹೋಳಿಗೆ ತಿಂದವರು ನಾವು. ಅವರ ಮಣೆ ಮೊದಲಿನದು, ನನ್ನದು ಎರಡನೆಯದು. ಈ ಕ್ರಮ ಇಂದಿಗೂ ಬದಲಾಗಿಲ್ಲ.

ಈ ಯಂತ್ರ ನಮ್ಮ ಮನೆಗೆ ಬಂದದ್ದೂ ಶುಭ ಮುಹೂರ್ತದಲ್ಲಿ ಅಲ್ಲ. ಪಾಲಿಶಿಗೆ ಕೊಟ್ಟಿದ್ದ ಹೆಂಡತಿಯ ಪಾಟಲಿಗಳನ್ನು ತರಲೆಂದು ನಾನು ಖಡೇಬಜಾರಿನ ಕಡೆ ಹೋಗಿದ್ದೆ. ಪತ್ತಾರರು ಊಟಕ್ಕೆ ಹೋಗಿದ್ದರು. ಅವರು ಬರುವತನಕ ಹೊತ್ತು ಕಳೆಯಲು ಹಿಂದಿನ ಓಣಿಯಲ್ಲಿ ತಿರುಗುತ್ತಿದ್ದಾಗ, ಒಂದು ಭಂಗಾರದ, ಅಂದರೆ ಗುಜರಿಯ, ಅಂಗಡಿಯಲ್ಲಿ ಮುರಿದ ಸೈಕಲ್ ಮತ್ತು ತುಕ್ಕು ಹಿಡಿದ ಕೊಳಾಯಿಗಳ ನಡುವೆ, ಕಪ್ಪು ಪಟ್ಟೆಯ ನೀಲಿ ಚೀಲವೊಂದು ಕಂಡಿತು. ಜಿಪ್ ಎಳೆದು ನೋಡಿದರೆ ಒಳಗೆ ಒಲಿವೆಟ್ಟಿ ಲೆಟೆರಾ 32! ಅಂಗಡಿಯವನು ಅದನ್ನು ಆಗಲೇ ತಕ್ಕಡಿಗೆ ಹಾಕಿ ಕಿಲೋ ಲೆಕ್ಕದಲ್ಲಿ ಬೆಲೆ ಹೇಳುವವನಿದ್ದ. ಅಷ್ಟರಲ್ಲಿ ನನ್ನ ಮುಖ ನೋಡಿಬಿಟ್ಟ. ಮುಖದ ಮೇಲೆ ಏನು ಕಂಡಿತೋ ಏನೋ, ಯಂತ್ರವನ್ನು ತಕ್ಕಡಿಯಿಂದ ಇಳಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ, “ಇದು ಕಬ್ಬಿಣದ ರೇಟಿಗೆ ಬರೂದಿಲ್ರಿ ಸರ, ಆ್ಯಂಟಿಕ್ ಐತಿ” ಎಂದ. ಟವೆಲ್ಲಿನ ಒಂದು ಒರೆತಕ್ಕೆ ಬೆಲೆ ಆರು ಪಟ್ಟಾಯಿತು. ಪಾಲಿಶಿನ ಹಣ ಅಲ್ಲಿಯೇ ಕರಗಿತು.

ಮನೆಯಲ್ಲಿ ಚೀಲವನ್ನು ಮೇಜಿನ ಮೇಲಿಟ್ಟಾಗ ಹೆಂಡತಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಬಂಗಾರ ತರ್ತೀನಿ ಅಂತ ಹೋದವರು ಭಂಗಾರ ತಂದೀರಲ್ಲ!” ಎಂದಳು. ಕನ್ನಡದ ಬಂಗಾರಕ್ಕೂ ಮರಾಠಿಯಿಂದ ಬಂದ ಭಂಗಾರಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣ ಮಾತ್ರ ಎಂಬುದು ಬೆಳಗಾವಿಯಲ್ಲಿ ಸಂಸಾರ ಮಾಡಿದವರಿಗೆಲ್ಲ ಗೊತ್ತು. ಆ ಮಹಾಪ್ರಾಣವನ್ನು ಅವಳು ಅಂದು ಹೊಕ್ಕುಳಿನಿಂದ ಎಳೆದು ಉಚ್ಚರಿಸಿದಳು.

ನನ್ನ ಪರವಾಗಿ ನಾನು ಅವಳ ಮುಂದೆ ಹಲವು ಸಾಕ್ಷಿಗಳನ್ನು ಇಟ್ಟೆ. ಇದೇ ಮಾದರಿಯ ಒಂದು ಯಂತ್ರವನ್ನು ಅಮೆರಿಕದ ಕಾದಂಬರಿಕಾರ ಕಾರ್ಮ್ಯಾಕ್ ಮೆಕಾರ್ಥಿ ಐವತ್ತು ಡಾಲರಿಗೆ ಕೊಂಡು, ಐವತ್ತು ವರ್ಷಗಳ ಹತ್ತಿರ ಅದರಲ್ಲಿಯೇ ಬರೆದು, 2009ರಲ್ಲಿ ಹರಾಜಿಗೆ ಇಟ್ಟಾಗ ಅದು 2,54,500 ಡಾಲರಿಗೆ ಹೋಯಿತು ಎಂದು ವಿವರಿಸಿದೆ. ಹಾಗೆ ಮಾರಿದ ಮೇಲೆ ಆತ ಏನು ಮಾಡಿದ ಎಂದು ಅವಳು ಕೇಳಿದಳು. ಗೆಳೆಯನೊಬ್ಬ ಇಪ್ಪತ್ತು ಡಾಲರಿನ ಒಳಗೆ ಅಂಥದೇ ಇನ್ನೊಂದನ್ನು ತಂದುಕೊಟ್ಟ ಎಂದೆ. “ಅಂದ್ರ ಖರೇ ಬೆಲಿ ಇಪ್ಪತ್ತು ಡಾಲರ್ ಆತು” ಎಂದು ಅವಳು ಒಳಗೆ ಹೋದಳು. ಹಾಲಿವುಡ್ಡಿನ ಟಾಮ್ ಹ್ಯಾಂಕ್ಸ್ ಕೂಡ ಟೈಪ್‌ರೈಟರುಗಳನ್ನು ರಾಶಿಗಟ್ಟಲೆ ಕೂಡಿಹಾಕಿದ್ದಾನೆ ಎಂಬ ಸಾಕ್ಷಿಯನ್ನು ನಾನು ಆಮೇಲೆ ನುಡಿಸಲೇ ಇಲ್ಲ. ಆತನ ಮನೆಯಲ್ಲಿ ಕೋಣೆಗಳು ಎಷ್ಟಿವೆ ಎಂಬ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು.

ನಿಜ ಹೇಳಬೇಕೆಂದರೆ ಈ ಯಂತ್ರದ ಮೋಹಕ್ಕೆ ಹರಾಜಿನ ಬೆಲೆ ಕಾರಣವಲ್ಲ. ಕಾಗದವನ್ನು ರೋಲರಿನ ಹಿಂದೆ ಇಟ್ಟು ಗುಂಡಿ ತಿರುಗಿಸಿದರೆ ಕಟಕಟನೆ ಹಲ್ಲು ಕಚ್ಚುತ್ತ ಅದು ಮುಂದಕ್ಕೆ ಬಂದು ನಿಲ್ಲುತ್ತದೆ. ಒಂದು ಕೀಲಿ ಒತ್ತಿದರೆ ಒಂದು ಕಬ್ಬಿಣದ ಕಡ್ಡಿ ಎದ್ದು, ಶಾಯಿಯ ಪಟ್ಟಿಯ ಮೇಲೆ ಬಡಿದು, ತನ್ನ ಜಾಗಕ್ಕೆ ಮರಳುವಷ್ಟರಲ್ಲಿ ರೋಲರನ್ನು ಹೊತ್ತ ಗಾಡಿಯು ಒಂದು ಅಕ್ಷರದಷ್ಟು ಎಡಕ್ಕೆ ಸರಿದಿರುತ್ತದೆ. ಅದನ್ನು ಸರಿಸುವುದು ಒಳಗಿನ ಒಂದು ಸುರುಳಿ ಸ್ಪ್ರಿಂಗು. ಅದಕ್ಕೆ ಚಾವಿ ಕೊಡುವವರು, ಸಾಲು ಮುಗಿದಾಗ ಗಾಡಿಯನ್ನು ಮರಳಿ ತಳ್ಳುವ ನಾವೇ. ಅಂಚು ಸಮೀಪಿಸಿದಾಗ, ಇನ್ನೂ ಕೆಲವು ಅಕ್ಷರಗಳಿಗೆ ಜಾಗವಿರುವಾಗಲೇ, ಸಣ್ಣದೊಂದು ಗಂಟೆ ಬಾರಿಸುತ್ತದೆ. ದಿನವಿಡೀ ನನ್ನ ಫೋನು ಮಾಡುವ ಸದ್ದುಗಳೆಲ್ಲ ಯಾರೋ ನನ್ನಿಂದ ಏನೋ ಕೇಳುವ ಸದ್ದುಗಳು. ನಾನು ಮಾಡಿದ ಕೆಲಸಕ್ಕೆ ಬಾರಿಸುವ ಗಂಟೆ ನಮ್ಮ ಮನೆಯಲ್ಲಿ ಇದೊಂದೇ.

ಹೀಗೆ ಮನಸೋತ ಮೇಲೆ ಒಂದಕ್ಕೆ ನಿಲ್ಲುವುದು ಆಗಲಿಲ್ಲ. ಎರಡನೆಯದಾಗಿ ಒಂದು ಹಳೆಯ ರೆಮಿಂಗ್ಟನ್ ಪೋರ್ಟಬಲ್ ಬಂದಿತು. ರೆಮಿಂಗ್ಟನ್ನಿನವರು 1920ರ ಸುಮಾರಿಗೆ ಹೊರತಂದ ಈ ಕೈಚೀಲದ ಯಂತ್ರದಲ್ಲಿ ಒಂದು ಎಂಬ ಅಂಕಿಯ ಕೀಲಿಯೇ ಇಲ್ಲ. ಅದರ ಬದಲಿಗೆ ಸಣ್ಣ ‘ಎಲ್’ ಅಕ್ಷರವನ್ನು ಹೊಡೆಯಬೇಕು. ನಮ್ಮ ಊರಿನ ಪಿನ್‌ಕೋಡ್ 590001 ಎಂದು ಬರೆಯುವಾಗ ಕೊನೆಗೊಂದು ‘ಎಲ್’ ಹಾಕಿ, ಅಂಚೆಯವರು ಒಂದು ಎಂದು ತಿಳಿಯಲಿ ಎಂದು ಆಶಿಸುವುದು ಅಭ್ಯಾಸವಾಗಿದೆ. ರಿಬ್ಬನ್ನಿನ ಕಥೆ ಬೇರೆ. ಗಣಪತ ಗಲ್ಲಿಯ ಒಂದು ಅಂಗಡಿಯಲ್ಲಿ ಟೈಪ್‌ರೈಟರಿಗೆ ರಿಬ್ಬನ್ ಬೇಕು ಎಂದಾಗ, ಅಂಗಡಿಯ ಹುಡುಗ ಹೊಳೆಯುವ ಗುಲಾಬಿ ಪಟ್ಟಿಯನ್ನು ಅಳೆಯುತ್ತ, ಜಡೆಗೋ ಗಿಫ್ಟಿಗೋ ಎಂದು ವಿಚಾರಿಸಿದ.

ರೆಮಿಂಗ್ಟನ್ನಿನ ಮೇಲೆ ಷಡ್ಡಕರ ಮೊದಲ ಪ್ರಯೋಗ ನಡೆದದ್ದು ಎರಡು ವರ್ಷಗಳ ಹಿಂದೆ. ಮಳೆಗಾಲದಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗದ ಊರು ನಮ್ಮದು. ಯಂತ್ರದ ಕೀಲುಗಳು ಬಿಗಿಯಾಗಿದ್ದವು. ಈ ಕಡ್ಡಿಗಳು ಓಡಾಡುವ ಸೀಳುಗಳಿಗೆ ಎಣ್ಣೆ ತೋರಿಸಬಾರದು, ಧೂಳು ಅಂಟಿ ಜಿಗುಟಾಗುತ್ತದೆ, ಸ್ಪಿರಿಟ್ ಹಚ್ಚಿ ಬ್ರಷ್‌ನಿಂದ ತಿಕ್ಕಿ ಒಣಗಿಸಿಬಿಡಬೇಕು ಎಂಬುದು ಇದನ್ನು ಬಲ್ಲವರ ಮಾತು. ನಾನೂ ಅದನ್ನೇ ಹೇಳಿದೆ. ಷಡ್ಡಕರು ನಕ್ಕು, ತಮ್ಮ ಹೊಲದ ಪಂಪಿನಿಂದ ಹಿಡಿದು ತಮ್ಮ ಮೊಣಕಾಲಿನವರೆಗೆ ಎಲ್ಲವೂ ಕೊಬ್ಬರಿ ಎಣ್ಣೆಯ ಮೇಲೆಯೇ ನಡೆಯುತ್ತಿವೆ ಎಂದು, ನಾನು ಚಹಾ ತರಲು ಒಳಗೆ ಹೋದಾಗ ಬಾಟಲಿಯನ್ನೇ ಬಗ್ಗಿಸಿದರು. ಅಂದು ಅದು ಬೆಣ್ಣೆಯಂತೆ ಓಡಿತು. “ನೋಡಿದ್ರಿ?” ಎಂದರು. ಡಿಸೆಂಬರ್ ಬಂತು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿಯೇ ಗಟ್ಟಿಯಾಗತೊಡಗುತ್ತದೆ. ಬೆಳಗಾವಿಯ ಡಿಸೆಂಬರಿನ ನಸುಕು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಒಂದು ಬೆಳಿಗ್ಗೆ ಕೀಲಿ ಒತ್ತಿದರೆ ಕಡ್ಡಿಯು ಅರ್ಧ ದಾರಿಯವರೆಗೆ ಎದ್ದು, ಯೋಚಿಸಿ, ಅಲ್ಲಿಯೇ ನಿಂತಿತು. ಎರಡನೆಯದೂ ನಿಂತಿತು. ಮೂರನೆಯದರ ಹೊತ್ತಿಗೆ ಎಲ್ಲವೂ ಸಭೆಯಲ್ಲಿ ಪ್ರಶ್ನೆ ಕೇಳಲು ಕೈ ಎತ್ತಿದ ಸದಸ್ಯರಂತೆ ಕಂಡವು. ಬಿಸಿಲಿನಲ್ಲಿ ಇಟ್ಟ ಮೇಲೆ ಅವು ಒಂದೊಂದಾಗಿ, ಗೌರವದಿಂದ ಕುಳಿತವು. ಹೆಂಡತಿ ಪಕ್ಕದಲ್ಲಿಯೇ ಉಪ್ಪಿನಕಾಯಿಯ ಭರಣಿ ಇಟ್ಟಿದ್ದಳು; ಸಂಜೆ ಎರಡನ್ನೂ ಒಳಗೆ ತಂದೆವು.

ಇನ್ನು ಹೋದ ರವಿವಾರದ ಮಾತು. ಷಡ್ಡಕರು ಭಜನಾ ಮಂಡಳಿಯಲ್ಲಿ ಪೇಟಿ ನುಡಿಸುವವರು. ಆದಕಾರಣ ಕೀಲಿಗಳಿರುವ ವಸ್ತು ಯಾವುದೇ ಕಂಡರೂ ಅವರ ಬೆರಳುಗಳು ಸುಮ್ಮನಿರುವುದಿಲ್ಲ. ನಮ್ಮ ಮನೆಗೆ ಬಂದಾಗಲೆಲ್ಲ ಅವರು ಚಪ್ಪಲಿ ಬಿಟ್ಟು, ನೀರು ಕುಡಿದು, ಲೆಟೆರಾದ ಮುಂದೆ ಕುಳಿತು, ಒಂದು ಅಕ್ಷರವನ್ನು ಒಂದೇ ಬೆರಳಿನಿಂದ ಒತ್ತುವುದು ತಮ್ಮ ವಿದ್ಯೆಗೆ ಅವಮಾನವೆಂಬಂತೆ, ಎರಡೂ ಕೈಗಳ ಬೆರಳುಗಳನ್ನು ಅರಳಿಸಿ ಒಮ್ಮೆಲೆ ಇಳಿಸುತ್ತಾರೆ. ಟೈಪ್‌ರೈಟರಿನ ಎಲ್ಲ ಕಡ್ಡಿಗಳೂ ಬಂದು ಬಡಿಯಬೇಕಾದ ಜಾಗ ಒಂದೇ. ಎರಡು ಕಡ್ಡಿಗಳು ಒಟ್ಟಿಗೆ ಎದ್ದರೆ ಕೊರಳಿಗೆ ಕೊರಳು ಸಿಕ್ಕಿಬೀಳುತ್ತವೆ; ಆರೇಳು ಎದ್ದರೆ ಅಲ್ಲಿ ನಡೆಯುವುದು ತೇರಿನ ದಿನದ ನೂಕುನುಗ್ಗಲು. ಇಂಥ ಡಿಕ್ಕಿ ತಪ್ಪಲೆಂದೇ 1870ರ ದಶಕದಲ್ಲಿ ಟೈಪ್‌ರೈಟರ್ ರೂಪಿಸಿದ ಅಮೆರಿಕದ ಶೋಲ್ಸ್ ಅಕ್ಷರಗಳನ್ನು ಹೀಗೆ ಚೆಲ್ಲಾಪಿಲ್ಲಿಯಾಗಿ ಜೋಡಿಸಿದ ಎನ್ನುವವರಿದ್ದಾರೆ, ಅದನ್ನು ಒಪ್ಪದವರೂ ಇದ್ದಾರೆ. ಅದೇನೇ ಇರಲಿ, ನಮ್ಮ ಷಡ್ಡಕರನ್ನು ಶೋಲ್ಸ್ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಸಿಕ್ಕಿಬಿದ್ದ ಕಡ್ಡಿಗಳನ್ನು ನೋಡಿ ಅವರು ಪ್ರತಿ ಸಲವೂ ಕೇಳುವ ಪ್ರಶ್ನೆ ಒಂದೇ: “ಇದು ಮೊದಲಿಂದನೂ ಹಿಂಗೈತೇನ್ರಿ ಸಾಹೇಬ್ರ?” ಪ್ರತಿ ಸಲವೂ ನಾನು ಇಲ್ಲವೆಂದು ಹೇಳದೆ, ಹಲ್ಲು ಕಚ್ಚಿ ನಗುತ್ತ, ಒಂದೊಂದೇ ಕಡ್ಡಿಯನ್ನು ಬೆರಳ ತುದಿಯಿಂದ ಬಿಡಿಸಿ ಕೂರಿಸುತ್ತೇನೆ. ಈ ಸಲ ನಾನು ಫೋನಿನಲ್ಲಿದ್ದೆ. ಅವರು ತಮ್ಮ ಕೈಯಿಂದಾದ ತಪ್ಪನ್ನು ತಾವೇ ಸರಿಪಡಿಸಲು ನಿಶ್ಚಯಿಸಿ, ಸುಸಲಾ ತಿನ್ನುತ್ತಿದ್ದ ಚಮಚವನ್ನು ಕಡ್ಡಿಗಳ ನಡುವೆ ತೂರಿಸಿ, ಬಾವಿಯಿಂದ ಕೊಡ ಎತ್ತುವವರಂತೆ ಮೀಟಿದರು. ನಾನು ಓಡಿ ಬರುವಷ್ಟರಲ್ಲಿ ಟಣ್ ಎಂಬ ಸದ್ದಾಯಿತು. ಕಡ್ಡಿಗಳೆಲ್ಲ ಬಿಟ್ಟುಕೊಂಡಿದ್ದವು. ‘ಇ’ಯ ಕಡ್ಡಿ ಮಾತ್ರ ಬಾಗಿತ್ತು, ಅದರ ಅಚ್ಚಿನ ಮೇಲೆ ಒಂದು ಸಾಸಿವೆ ಕಾಳು ಕುಳಿತಿತ್ತು. “ಸಡಲ ಆತು ನೋಡ್ರಿ” ಎಂದು ಅವರು ಚಮಚವನ್ನು ಲುಂಗಿಗೆ ಒರೆಸಿ, ತಿನ್ನುವುದನ್ನು ಮುಂದುವರಿಸಿದರು. ಆ ಸಾಸಿವೆಯನ್ನು ಸೂಜಿಯಿಂದ ತೆಗೆಯಲು ನನಗೆ ಹದಿನೈದು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅವರು ಬೆನ್ನ ಹಿಂದೆ ನಿಂತು ಬ್ಯಾಟರಿ ಹಿಡಿದರು, ಬೇರೆ ಕಡೆಗೆ.

ರಾತ್ರಿ ಅವರನ್ನು ಬಸ್ಸಿಗೆ ಹತ್ತಿಸಿ ಬಂದು ಯಂತ್ರದ ಮುಂದೆ ಕುಳಿತಾಗ ಹೆಂಡತಿ ಹೋಗುತ್ತ ಬರುತ್ತ ಒಂದು ಮಾತು ಕೇಳಿದಳು: “ಅಷ್ಟಕ್ಕೂ ಅದರಾಗ ನೀವು ಬರಿಯೂದರ ಏನು?” ನಾನು ಬರೆಯುವುದು ಕನ್ನಡ. ನನ್ನ ಎರಡೂ ಯಂತ್ರಗಳಿಗೆ ಬರುವುದು ಇಂಗ್ಲಿಷ್. ಇಷ್ಟು ವರ್ಷಗಳಲ್ಲಿ ನಾನು ಅವುಗಳಲ್ಲಿ ಲಕೋಟೆಗಳ ಮೇಲಿನ ವಿಳಾಸ, ಕಿರಾಣಿ ಪಟ್ಟಿ ಮತ್ತು ಟೈಪಿಂಗ್ ಅಭ್ಯಾಸದ ಇಂಗ್ಲಿಷ್ ವಾಕ್ಯದಲ್ಲಿ ಆ ಕಂದು ನರಿಯು ಸೋಮಾರಿ ನಾಯಿಯ ಮೇಲಿಂದ ಹಾರಿದ ಸುದ್ದಿಯನ್ನು ಬಿಟ್ಟು ಬೇರೇನನ್ನೂ ಹೊಡೆದಿಲ್ಲ. ಈ ಬರಹವನ್ನು ಕೂಡ ಕಂಪ್ಯೂಟರಿನಲ್ಲಿ, ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ಕೃಪೆಯಿಂದ ಬರೆಯುತ್ತಿದ್ದೇನೆ.

ಕನ್ನಡದ ಟೈಪ್‌ರೈಟರು ಇರಲಿಲ್ಲವೆಂದಲ್ಲ. ನಮ್ಮ ಒತ್ತಕ್ಷರ, ಗುಣಿತಗಳನ್ನು ನಲವತ್ತು ಚಿಲ್ಲರೆ ಕೀಲಿಗಳಲ್ಲಿ ಹಿಡಿಸಿದ ಅನಂತ ಸುಬ್ಬರಾಯರನ್ನು ನೆನೆದರೆ ಇಂದಿಗೂ ಬೆರಗಾಗುತ್ತದೆ. ಆದರೆ ನಾನು ಕಂಡ ಕನ್ನಡ ಯಂತ್ರಗಳೆಲ್ಲ ಕಚೇರಿಯ ಮೇಜಿನಿಂದ ಏಳದ ಭಾರೀ ಯಂತ್ರಗಳು. ಪಿಯುಸಿ ಮುಗಿದ ರಜೆಯಲ್ಲಿ ನಾನು ಸೇರಿದ ಟೈಪಿಂಗ್ ತರಗತಿಯಲ್ಲಿ ಅಂಥವು ಎರಡಿದ್ದವು. ಕಿಟಕಿಯ ಬದಿಯ ಇಂಗ್ಲಿಷ್ ಯಂತ್ರದಲ್ಲಿ ನಾನು ‘ಎ ಎಸ್ ಡಿ ಎಫ್ ಜಿ ಎಫ್’ ಎಂದು ಜಪಿಸುತ್ತಿದ್ದರೆ, ಪಕ್ಕದಲ್ಲಿ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಕನ್ನಡ ಜೂನಿಯರ್ ಪರೀಕ್ಷೆಗೆ ಕುಟ್ಟುತ್ತಿದ್ದಳು. ಕೆಲವು ಕೀಲಿಗಳನ್ನು ಒತ್ತಿದರೆ ಗಾಡಿ ಮುಂದೆ ಸರಿಯದೆ ಅಲ್ಲಿಯೇ ಕಾಯುತ್ತಿತ್ತು. ಒತ್ತಕ್ಷರ ಬಂದು ಅಕ್ಷರದ ಕಾಲಡಿ ಕುಳಿತ ಮೇಲಷ್ಟೇ ಮುಂದಿನ ಹೆಜ್ಜೆ. ಆದ್ದರಿಂದ ಅವಳ ಯಂತ್ರದ ಲಯವು ನಮ್ಮದಕ್ಕಿಂತ ಬೇರೆಯಾಗಿತ್ತು, ನಡುನಡುವೆ ಉಸಿರು ಹಿಡಿದಂತೆ. ಅವಳು ಪಾಸಾದಳೋ, ಯಾವ ಕಚೇರಿ ಸೇರಿದಳೋ ತಿಳಿಯದು. 1955ರಲ್ಲಿ ಟೈಪ್‌ರೈಟರ್ ತಯಾರಿಕೆಗೆ ಇಳಿದ ಗೋದ್ರೆಜ್ ಕಂಪನಿಯೂ 2009ರ ಹೊತ್ತಿಗೆ ಕೈ ತೊಳೆದುಕೊಂಡಿತು. ಆ ತರಗತಿಯಿದ್ದ ಮಹಡಿಯಲ್ಲಿ ಈಗ ಮೊಬೈಲ್ ಕವರುಗಳನ್ನು ಮಾರುತ್ತಾರೆ. ಅಲ್ಲಿ ಹೋಗಿ ನಿಂತರೆ ಕೇಳಿಸುವುದು ಫ್ಯಾನಿನ ಸದ್ದು ಮಾತ್ರ.

ಷಡ್ಡಕರು ಹೋಗುವಾಗ ತಮ್ಮ ಓದುವ ಚಾಳೀಸನ್ನು ನಮ್ಮಲ್ಲಿಯೇ ಮರೆತಿದ್ದರು. ಸೋಮವಾರ ಅದನ್ನು ಅರಿವೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ. ವಿಳಾಸವನ್ನು ಕೈಯಿಂದ ಬರೆಯಬಹುದಿತ್ತು. ಬೇಕೆಂದೇ ಲೆಟೆರಾದಲ್ಲಿ ಹೊಡೆದೆ. ಬಾಗಲಕೋಟೆಯ ಕೊನೆಯ ‘ಇ’ ಎಷ್ಟು ಮೇಲೆ ಹಾರಿತ್ತೆಂದರೆ, ಅದು ಮೇಲಿನ ಸಾಲಿನಲ್ಲಿದ್ದ ಅವರ ಹೆಸರಿನ ಬುಡವನ್ನು ತಟ್ಟುತ್ತಿತ್ತು. ಬಾಯಿಂದ ಹೇಳಲಾಗದ್ದನ್ನು ಆ ಅಕ್ಷರವಾದರೂ ಹೇಳಲಿ ಎಂಬ ಸಣ್ಣ ಹೊಟ್ಟೆಕಿಚ್ಚು ನನ್ನದು.

ಇಂದು ಬೆಳಿಗ್ಗೆ ಅವರ ಫೋನು ಬಂದಿತು. ಚಾಳೀಸು ಮುಟ್ಟಿದೆ, ಹಾಕಿಕೊಂಡು ಮೊದಲು ಓದಿದ್ದೇ ಡಬ್ಬಿಯ ಮೇಲಿನ ವಿಳಾಸವನ್ನು ಎಂದರು. ನಾನು ಉಸಿರು ಹಿಡಿದು ಕಾದೆ.

“ಸಾಹೇಬ್ರ, ನಿಮ್ಮ ಮಷೀನಿನಾಗ ಒಂದು ಅಕ್ಷರ ಮ್ಯಾಲ ಹೊಂಟೈತ್ರಿ, ನೀವು ನೋಡಿಲ್ಲ ಅಂತ ಕಾಣಸ್ತದ. ಬರೂ ರವಿವಾರ ಬರ್ತೀನಿ. ಕೊಬ್ಬರಿ ಎಣ್ಣಿ ತಗದಿಟ್ಟಿರ್ರಿ.”