ಕರೆ ಮಾಡಿ ಅಂದರೆ ಕಿವಿ ಕೇಳದವರು ಏನು ಮಾಡಬೇಕು?

ಖಿನ್ನತೆ ಕಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಎಂದು ಖಿನ್ನತೆ ಕುರಿತ ನಿಮ್ಮ ಲೇಖನದ ಕೊನೆಗೆ ಬರೆದಿದ್ದೀರಿ. 2022ರಲ್ಲಿ ಶುರುವಾದ ಒಳ್ಳೆಯ ಸೇವೆ ಅದು. ಆದರೆ ಹುಟ್ಟಿನಿಂದ ಕಿವಿ ಕೇಳದ ನನ್ನ ಅಣ್ಣ ಆ ನಂಬರಿಗೆ ಕರೆ ಮಾಡಿ ಹೇಗೆ ಮಾತಾಡಬೇಕು?

ವೈದ್ಯರ ಹತ್ತಿರ ಹೋದರೂ ಅಮ್ಮನೇ ಪಕ್ಕದಲ್ಲಿ ಕೂತು ಅವನ ಪರವಾಗಿ ಹೇಳಬೇಕು. ಮದುವೆಯ ಚಿಂತೆ, ಕೆಲಸದ ಜಾಗದಲ್ಲಾದ ಅವಮಾನ, ಬದುಕೇ ಬೇಡ ಅನ್ನಿಸಿದ್ದು, ಇದನ್ನೆಲ್ಲ ಹೆತ್ತ ತಾಯಿಯ ಎದುರು ಯಾರು ಹೇಳಿಕೊಳ್ಳುತ್ತಾರೆ? ಬರೆದು ತೋರಿಸಲಿ ಅನ್ನುವವರಿದ್ದಾರೆ. ಸನ್ನೆ ಭಾಷೆಯಲ್ಲೇ ಬೆಳೆದವರಿಗೆ ಮನಸ್ಸಿನ ನೋವನ್ನು ಕನ್ನಡದಲ್ಲಿ ಬರೆಯುವುದು ಅಷ್ಟು ಸಲೀಸಲ್ಲ. ಎಷ್ಟೋ ಮಂದಿಗೆ ಶಾಲೆಯಲ್ಲಿ ಓದು ಬರಹ ಸರಿಯಾಗಿ ಕಲಿಸಿಯೇ ಇಲ್ಲ.

ಅಣ್ಣನ ಮುಖ ಅರಳುವುದು ಕಿವುಡರ ಸಂಘಕ್ಕೆ ಹೋದ ದಿನ. ಮನೆಯಲ್ಲಿ ಎಲ್ಲರೂ ನಗುವಾಗ ಅವನಿಗೆ ಸಿಗುವುದು 'ಆಮೇಲೆ ಹೇಳ್ತೀವಿ' ಅನ್ನೋ ಸನ್ನೆ ಮಾತ್ರ. ಅಲ್ಲಿ ಹಾಗಿಲ್ಲ, ಪೂರ್ತಿ ಹರಟೆ ಅವನದ್ದೂ ಹೌದು. ಆದರೂ ಸಂಘದ ಗೆಳೆಯರು ಚಿಕಿತ್ಸೆ ಕೊಡಲಾರರು ಅಲ್ವಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸನ್ನೆಯನ್ನೂ ಸಂವಹನ ಎಂದೇ ಒಪ್ಪಿದೆ. ಜಿಲ್ಲಾಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲಿ ವಾರಕ್ಕೊಂದು ದಿನವಾದರೂ ಸನ್ನೆ ಭಾಷೆಯ ದುಭಾಷಿ ಇರಲಿ, ವಿಡಿಯೊ ಕರೆಯಲ್ಲಾದರೂ ಸರಿ. ಮುಂದಿನ ಲೇಖನದಲ್ಲಿ ಇದನ್ನು ದಯವಿಟ್ಟು ಆರೋಗ್ಯ ಇಲಾಖೆಯವರಿಗೆ ಕೇಳಿ.