ಒಪ್ಪಿಗೆ ಕೇಳಿದ್ದು ಕನ್ನಡದಲ್ಲಿ, ಉತ್ತರ ಯಾವಾಗ?

"ರಕ್ತ ತಗೊಂಡ್ರು, ಮಾತ್ರೆ ಕೊಟ್ರು. ಕೊನೆಗೆ ಏನು ಗೊತ್ತಾಯ್ತಂತೆ ಕಣೋ?"

ಈ ಸಲ ರಜೆಗೆ ರಾಜಾಜಿನಗರದ ಮನೆಗೆ ಹೋದಾಗ ಅಮ್ಮ ಹೀಗೆ ಕೇಳಿದಳು. ಅವಳಿಗೆ ಸಕ್ಕರೆ ಕಾಯಿಲೆ. ಕಾಲು ಉರಿಗೆ ಕೊಡುವ ಮಾತ್ರೆಯೊಂದನ್ನು ಪರೀಕ್ಷಿಸುವ ಅಧ್ಯಯನಕ್ಕೆ ನಗರದ ಒಂದು ಆಸ್ಪತ್ರೆಯಲ್ಲಿ ಸೇರಿಕೊಂಡಿದ್ದಳು. ಒಂದೂವರೆ ವರ್ಷ, ಮೂರು ತಿಂಗಳಿಗೊಮ್ಮೆ, ಖಾಲಿ ಹೊಟ್ಟೆಯಲ್ಲಿ ಬೆಳಗಿನ ಬಸ್ಸು ಹಿಡಿದು ಹೋಗಿ ಬರುತ್ತಿದ್ದಳು. ಒಂದು ಸಲವೂ ತಪ್ಪಿಸಲಿಲ್ಲ. ಅದು ಮುಗಿದು ಎರಡು ವರ್ಷದ ಮೇಲಾಯ್ತು. ಆಮೇಲೆ ಒಂದು ಫೋನೂ ಇಲ್ಲ, ಒಂದು ಕಾಗದವೂ ಇಲ್ಲ.

ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಡಾಕ್ಟರಲ್ಲ, ಸಾಫ್ಟ್‌ವೇರ್ ಕೆಲಸ. ಅಲ್ಲಿ ನಾನೂ ನಿದ್ದೆಯ ಬಗ್ಗೆ ನಡೆದ ಒಂದು ಸಣ್ಣ ಅಧ್ಯಯನಕ್ಕೆ ಸೇರಿದ್ದೆ. ಮುಗಿದ ಮೇಲೆ ಮನೆಗೆ ಎರಡು ಪುಟದ ಕಾಗದ ಬಂತು. ಏನು ತಿಳಿಯಲು ಹೊರಟಿದ್ದರು, ಏನು ಗೊತ್ತಾಯ್ತು, ಇನ್ನೂ ಏನು ಗೊತ್ತಾಗಬೇಕು, ಎಲ್ಲವೂ ಸುಲಭದ ಮಾತಿನಲ್ಲಿತ್ತು. ಅಲ್ಲಿ ಅಧ್ಯಯನ ಮುಗಿದ 12 ತಿಂಗಳೊಳಗೆ ಕೊನೆಯ ವರದಿ ಕೊಡಬೇಕು. ಅದರಲ್ಲಿ ಸಾಮಾನ್ಯ ಜನರಿಗೆ ಅರ್ಥವಾಗುವ ಸಾರಾಂಶ ಇರಬೇಕು. ಯುರೋಪಿಯನ್ ಒಕ್ಕೂಟವೂ ಔಷಧ ಪರೀಕ್ಷೆಗಳಿಗೆ ಇಂಥದೇ ನಿಯಮವನ್ನು 2014ರಲ್ಲಿ ಮಾಡಿತು. ಅದು 2022ರ ಜನವರಿಯಿಂದ ಜಾರಿಯಲ್ಲಿದೆ.

ಹಾಗಂತ ಸಂಶೋಧನೆಯಲ್ಲಿ ಬೆಂಗಳೂರು ಹಿಂದೆ ಬಿದ್ದ ಊರಲ್ಲ. ನಿಮ್ಹಾನ್ಸ್, ಕಿದ್ವಾಯಿ, ಜಯದೇವ ಎಲ್ಲ ಇಲ್ಲೇ ಇವೆ. ಬಿಪಿ, ಕೊಲೆಸ್ಟರಾಲ್, ಆಸ್ಪಿರಿನ್ ಸೇರಿ ಐದು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಇಟ್ಟರೆ ಹೇಗೆ ಅಂತ ದೇಶದ 50 ಕಡೆ 2,053 ಜನರ ಮೇಲೆ ಪರೀಕ್ಷೆ ನಡೆಯಿತು. ಅದನ್ನು ಕೂಡಿಸಿ ನಡೆಸಿದ್ದು ನಮ್ಮ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು. 2009ರಲ್ಲಿ ಫಲಿತಾಂಶ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಜಗತ್ತು ಓದಿತು.

ಅಮ್ಮನ ಫೈಲಿನಲ್ಲಿ ಒಪ್ಪಿಗೆ ಪತ್ರ ಇನ್ನೂ ಇದೆ. ನಾಲ್ಕು ಹಾಳೆ, ಒಳ್ಳೆಯ ಕನ್ನಡ. ರೋಗಿಗೆ ತಿಳಿಯುವ ಭಾಷೆಯಲ್ಲೇ ಒಪ್ಪಿಗೆ ಕೇಳಬೇಕು ಅನ್ನುವುದು ನಮ್ಮಲ್ಲಿ ನಿಯಮ. ಒಬ್ಬ ಸಿಸ್ಟರ್ ಪಕ್ಕದಲ್ಲಿ ಕೂತು ಸಾಲು ಸಾಲಾಗಿ ಓದಿ ಹೇಳಿದರಂತೆ. "ಖಾಲಿ ಮಾತ್ರೆ ಅಂದ್ರೆ ಏನು ಅಂತ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ಲು ಆ ಹುಡುಗಿ" ಅಂತ ಅಮ್ಮ ಈಗಲೂ ನೆನೆಯುತ್ತಾಳೆ. ಹೋಲಿಸಿ ನೋಡಲು ಕೆಲವರಿಗೆ ಕೊಡುವ, ಔಷಧಿಯೇ ಇಲ್ಲದ ಮಾತ್ರೆ ಅದು. ಇಷ್ಟು ಬಲ್ಲ ಊರಿಗೆ ಉತ್ತರವನ್ನೂ ಕನ್ನಡದಲ್ಲಿ ಹೇಳೋದು ಕಷ್ಟವಾಗಬಾರದು, ಅಲ್ವಾ?

2009ರಿಂದ ನಮ್ಮಲ್ಲಿ ಇಂಥ ಪ್ರಯೋಗಗಳ ನೋಂದಣಿ ಕಡ್ಡಾಯ. ಆ ನೋಂದಣಿಯ ವೆಬ್‌ಸೈಟಿನಲ್ಲಿ ಹುಡುಕಿದೆ. ಅಮ್ಮನ ಅಧ್ಯಯನದ ಪುಟ ಸಿಕ್ಕಿತು. ಪೂರ್ತಿ ಇಂಗ್ಲಿಷು, ಫಲಿತಾಂಶ ಇಲ್ಲ. 2025ರ ಜನವರಿಯಿಂದ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಒಂದೇ ಚಂದಾದಲ್ಲಿ ಸುಮಾರು 13,000 ಸಂಶೋಧನಾ ಪತ್ರಿಕೆಗಳು ತೆರೆದಿವೆ. ಓದುವ ಹುಡುಗರಿಗೆ ದೊಡ್ಡ ಉಪಕಾರ. ಆದರೆ ಆ ಬಾಗಿಲು ಅಮ್ಮನವರೆಗೆ ಬರುವುದಿಲ್ಲ.

ಇದು ಬರೀ ಮರ್ಯಾದೆಯ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2021ರ ಏಪ್ರಿಲ್ ಕೊನೆಯಲ್ಲಿ, ಕೋವಿಡ್‌ನ ಎರಡನೇ ಅಲೆಯಲ್ಲಿ, ಗೆಳೆಯನ ತಂದೆಗೆ ಪ್ಲಾಸ್ಮಾ, ಅಂದರೆ ಕೋವಿಡ್‌ನಿಂದ ವಾಸಿಯಾದವರ ರಕ್ತದಿಂದ ತೆಗೆದ ದ್ರವ, ಬೇಕಾಗಿತ್ತು. ಲೀಡ್ಸ್‌ನಲ್ಲಿ ಕೂತು ನಾನು ಎರಡು ರಾತ್ರಿ ಬೆಂಗಳೂರಿಗೆ ಫೋನ್ ಮಾಡಿದೆ. ಯಾರಿಗೆ ವಾಸಿಯಾಗಿದೆ, ಯಾವ ರಕ್ತದ ಗುಂಪು, ಯಾರು ಕೊಡುತ್ತಾರೆ ಅಂತ. ಗೆಳೆಯ ಬೈಕಿನಲ್ಲಿ ಯಲಹಂಕದಿಂದ ಬನಶಂಕರಿಗೆ ಓಡಾಡಿದ. ಮೊನ್ನೆ ಮೊನ್ನೆ ನನಗೆ ಗೊತ್ತಾಗಿದ್ದು ಇಷ್ಟು: ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ನಮ್ಮದೇ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪ್ಲಾಸ್ಮಾ ಪರೀಕ್ಷೆ ಮಾಡಿತ್ತು. ಕಾಯಿಲೆ ಜೋರಾಗುವುದನ್ನು ಅದು ತಡೆಯಲಿಲ್ಲ, ಸಾವನ್ನೂ ತಗ್ಗಿಸಲಿಲ್ಲ. ಇದು ಬಿಎಂಜೆ ಅನ್ನುವ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿದ್ದು 2020ರ ಅಕ್ಟೋಬರ್‌ನಲ್ಲಿ. ನಾವು ಓಡಾಡುವುದಕ್ಕೆ ಆರು ತಿಂಗಳು ಮುಂಚೆ! ಸರ್ಕಾರದ ಕೋವಿಡ್ ಚಿಕಿತ್ಸೆಯ ಪಟ್ಟಿಯಿಂದ ಪ್ಲಾಸ್ಮಾ ಹೊರಗೆ ಹೋಗಿದ್ದು 2021ರ ಮೇ ತಿಂಗಳಲ್ಲಿ. ಆ ಎರಡು ರಾತ್ರಿ ಗೆಳೆಯ ತಂದೆಗೆ ಹತ್ತಿರದಲ್ಲೇ ಎಲ್ಲಾದರೂ ಇರಬಹುದಿತ್ತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಲೀಡ್ಸ್‌ನ ರೀತಿಯಲ್ಲೂ ಕೊರತೆ ಇದೆ. ನನ್ನ ಪಕ್ಕದ ಮನೆಯ ಪಂಜಾಬಿ ಅಜ್ಜಿಗೆ ಇಂಗ್ಲಿಷ್ ಓದಲು ಬಾರದು. ಆಸ್ಪತ್ರೆಯ ಕಾಗದ ಬಂದರೆ ಮೊಮ್ಮಗಳು ಬರುವ ಭಾನುವಾರದವರೆಗೆ ಅದು ಮೇಜಿನ ಮೇಲೇ ಇರುತ್ತದೆ. ನಮ್ಮಲ್ಲಿ ಒಬ್ಬರಿಗೆ ಹೇಳಿದರೆ ಜೊತೆಗೆ ಬಂದ ಮಗಳಿಗೂ ಬೆಂಚಿನಲ್ಲಿ ಕೂತ ನಾಲ್ಕು ಜನಕ್ಕೂ ವಿಷಯ ತಲುಪುತ್ತದೆ. ಬೆಂಗಳೂರಿಗೆ ಲೀಡ್ಸ್‌ನ ಕಾಗದವೂ ಬೇಕು, ಆ ಸಿಸ್ಟರ್‌ನ ಬಾಯಿಮಾತೂ ಬೇಕು. ಒಪ್ಪಿಗೆ ಪತ್ರ ನೋಡುವ ಎಥಿಕ್ಸ್ ಕಮಿಟಿಯೇ ಒಂದು ಮಾತು ಸೇರಿಸಿದರೆ ಸಾಕು: ಫಲಿತಾಂಶವನ್ನೂ ಇದೇ ಭಾಷೆಯಲ್ಲಿ, ಒಂದೇ ಹಾಳೆಯಲ್ಲಿ, ಸೇರಿದ ಎಲ್ಲರಿಗೂ ಕೊಡಿ. ತಮಿಳು, ತೆಲುಗು, ಉರ್ದು ಆಡುವವರಿಗೆ ಅವರವರ ಭಾಷೆಯಲ್ಲಿ. ಮಾತ್ರೆ ಕೆಲಸ ಮಾಡಲಿಲ್ಲ ಅಂದರೂ ಹೇಳಿ.

ಒಪ್ಪಿಗೆ ಪತ್ರದ ಕೊನೆಯ ಹಾಳೆಯಲ್ಲಿ, ಸಂದೇಹವಿದ್ದರೆ ಕರೆ ಮಾಡಿ ಅಂತ ಒಂದು ನಂಬರ್ ಇತ್ತು. ಹೊರಡುವ ಮುಂಚೆ ನಾವಿಬ್ಬರೂ ಫೋನ್ ಮಾಡಿದೆವು. ಎತ್ತಿದವರು ವಿಚಾರಿಸಿ ಹೇಳುತ್ತೇವೆ ಅಂದರು. ಅಮ್ಮ ಸುಮ್ನೆ ಕೂರಲಿಲ್ಲ. ಆ ಹಾಳೆಯ ಹಿಂದೆಯೇ ದೊಡ್ಡ ಅಕ್ಷರದಲ್ಲಿ ಎರಡು ಪ್ರಶ್ನೆ ಬರೆದಿಟ್ಟುಕೊಂಡಿದ್ದಾಳೆ. ನಾನು ನುಂಗಿದ್ದು ಯಾವ ಮಾತ್ರೆ, ಖಾಲಿಯದ್ದಾ ಔಷಧಿಯದ್ದಾ? ಅದರಿಂದ ಯಾರಿಗಾದರೂ ಕಾಲು ಉರಿ ಕಡಿಮೆಯಾಯ್ತಾ? ಬರುವ ಸೋಮವಾರ ಶುಗರ್ ಚೆಕಪ್‌ಗೆ ಹೋಗುವಾಗ ಅದನ್ನು ತೆಗೆದುಕೊಂಡು ಹೋಗುತ್ತಾಳೆ.